ಸರ್ ಎಂ. ವಿಶ್ವೇಶ್ವರಯ್ಯ: ಕನ್ನಂಬಾಡಿ ಕಟ್ಟೆ ಮತ್ತು ನೆರೆಯ ಸರ್ಕಾರದ ಒಪ್ಪಿಗೆ

ಪೀಠಿಕೆ

ಕಾವೇರಿ, ಹೇಮಾವತಿ ಮತ್ತು ಲಕ್ಷ್ಮಣತೀರ್ಥ ನದಿಗಳು ಕೂಡುವಲ್ಲಿ ನಿರ್ಮಾಣಗೊಂಡಿರುವ ಕೃಷ್ಣರಾಜಸಾಗರ ಜಲಾಶಯವು ನಾಡಿನ ಜನತೆಗೆ ಚಿರಪರಿಚಿತವಾದುದು. ಈ ಜಲಾಶಯವನ್ನು ಯೋಜಿಸಿದ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರೂ ಅಷ್ಟೇ ಪರಿಚಿತವಾದುದು. ಆದರೆ ಈ ಕಟ್ಟೆಗೆ ಕಲ್ಲು, ಗಾರೆ ಮತ್ತು ಹಣ ಎಷ್ಟು ಅವಶ್ಯವಾಗಿದ್ದವೋ ನೆರೆಯ ಮದ್ರಾಸ್ ಸರ್ಕಾರದ ಒಪ್ಪಿಗೆಯೂ ಅಷ್ಟೇ ಅವಶ್ಯವಾಗಿತ್ತೆಂಬುದು ಹಾಗೂ ಆ ಒಪ್ಪಿಗೆಯು ಅಂತಿಮ ರೂಪದಲ್ಲಿ ದೊರೆಯಲು ಹದಿಮೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತೆಂಬುದು ಅನೇಕರಿಗೆ ತಿಳಿದಿರಲಾರದು. ಒಂದೇ ನದಿಯ ಮೇಲೆ ಎರಡು ಸರ್ಕಾರಗಳು ಬಂಡವಾಳ ಹೂಡಲು ಮುಂದಾದಾಗ ಉಂಟಾದ ಪೈಪೋಟಿಯ ಹಿನ್ನೆಲೆಯಲ್ಲಿ ವಿಶ್ವೇಶ್ವರಯ್ಯನವರ ಜೀವನ ಮತ್ತು ಸೇವೆಯ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ವಿಶ್ವೇಶ್ವರಯ್ಯನವರು 1861ರ ಸೆಪ್ಟೆಂಬರ್ 15ರಂದು ಮುದ್ದೇನಹಳ್ಳಿಯಲ್ಲಿ ಜನಿಸಿದರು. ಈ ಗ್ರಾಮವು ಇಂದು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರಾಗಿದ್ದರು. ತಾಯಿ ವೆಂಕಟಲಕ್ಷ್ಮಮ್ಮನವರು. ಪೂರ್ವಿಕರು ಇಂದಿನ ಆಂಧ್ರ ಪ್ರದೇಶದ ಮೋಕ್ಷಗುಂಡಂ ಗ್ರಾಮದಿಂದ ಬಂದು ನೆಲೆಸಿದವರಾದ್ದರಿಂದ ಆ ಊರಿನ ಹೆಸರು ಕುಟುಂಬಕ್ಕೆ ಉಳಿದುಬಂದಿತು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದಲ್ಲಿ ಪ್ರಾಥಮಿಕ ಶಿಕ್ಷಣ ಪಡೆದು, ಮುಂದಿನ ವ್ಯಾಸಂಗಕ್ಕಾಗಿ ಬೆಂಗಳೂರಿಗೆ ಬಂದರು. ಮನೆಪಾಠ ಹೇಳಿ ಜೀವನ ಸಾಗಿಸುತ್ತಲೇ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿ ಗಳಿಸಿದರು. ಅನಂತರ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯ ವಿಜ್ಞಾನ ಕಾಲೇಜಿಗೆ ಸೇರಿ, 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನದಲ್ಲಿ ಉತ್ತೀರ್ಣರಾದರು.

ಅವರ ಬಾಲ್ಯದ ದಿನಗಳಲ್ಲಿಯೇ ಮೈಸೂರು ಸೀಮೆಯು 1876ರಿಂದ 1878ರವರೆಗಿನ ಭೀಕರ ಕ್ಷಾಮಕ್ಕೆ ತುತ್ತಾಗಿತ್ತು. ಸಂಸ್ಥಾನದ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗ ಆ ಕ್ಷಾಮದಲ್ಲಿ ನಾಶವಾಯಿತು. 1881ರಲ್ಲಿ ಸಂಸ್ಥಾನದ ಆಡಳಿತವು ಒಡೆಯರ್ ರಾಜವಂಶಕ್ಕೆ ಮರಳಿ ದೊರೆತಾಗ, ಕೆರೆಗಳ ಜೀರ್ಣೋದ್ಧಾರ ಮತ್ತು ಹೊಸ ನೀರಾವರಿ ಕಾಮಗಾರಿಗಳು ಸರ್ಕಾರದ ಮೊದಲ ಕರ್ತವ್ಯಗಳಲ್ಲಿ ಸೇರಿದ್ದುದಕ್ಕೆ ಇದೇ ಕಾರಣ.

1892ರ ಒಪ್ಪಂದ

ಕಾವೇರಿ ನದಿಯು ಕೊಡಗಿನಲ್ಲಿ ಹುಟ್ಟಿ, ಮೈಸೂರು ಸಂಸ್ಥಾನದಲ್ಲಿ ಹರಿದು, ಮದ್ರಾಸ್ ಪ್ರಾಂತ್ಯದ ಮೂಲಕ ಸಮುದ್ರ ಸೇರುತ್ತಿತ್ತು. ನದಿಯ ಕೊನೆಯ ಭಾಗದಲ್ಲಿರುವ ತಂಜಾವೂರು ಸೀಮೆಯಲ್ಲಿ ಶತಮಾನಗಳಿಂದ ಭತ್ತದ ಬೇಸಾಯ ನಡೆದುಬಂದಿದ್ದು, ಸುಮಾರು ಹತ್ತು ಲಕ್ಷ ಎಕರೆ ಭೂಮಿಯು ಈ ನೀರನ್ನೇ ನಂಬಿತ್ತು. ಮೈಸೂರು ಸರ್ಕಾರವು ಮೇಲ್ಭಾಗದಲ್ಲಿ ಕೆರೆಕಟ್ಟೆಗಳ ಕೆಲಸ ಕೈಗೊಂಡಾಗ, ತನ್ನ ಪಾಲಿನ ನೀರಿಗೆ ಕೊರತೆಯಾಗುವುದೆಂದು ಮದ್ರಾಸ್ ಸರ್ಕಾರವು ಆಕ್ಷೇಪಿಸಿತು. ಮಾತುಕತೆಗಳ ನಂತರ 1892ರ ಫೆಬ್ರವರಿ 18ರಂದು ಎರಡು ಸರ್ಕಾರಗಳ ನಡುವೆ ಒಪ್ಪಂದವಾಯಿತು. ಆಗ ಮೈಸೂರಿನ ದಿವಾನರಾಗಿದ್ದವರು ಸರ್ ಕೆ. ಶೇಷಾದ್ರಿ ಅಯ್ಯರ್.

ಈ ಒಪ್ಪಂದದ ಪ್ರಕಾರ, ಅನುಸೂಚಿಯಲ್ಲಿ ಹೆಸರಿಸಲಾದ ನದಿಗಳ ಮೇಲೆ ಹೊಸ ಜಲಾಶಯ ಕಟ್ಟಬೇಕಾದರೆ ಮೈಸೂರು ಸರ್ಕಾರವು ಮದ್ರಾಸ್ ಸರ್ಕಾರಕ್ಕೆ ಪೂರ್ಣ ವಿವರಗಳನ್ನು ಕಳುಹಿಸಿ ಮುಂಚಿತವಾಗಿ ಒಪ್ಪಿಗೆ ಪಡೆಯಬೇಕಾಗಿತ್ತು. ಮದ್ರಾಸ್ ಸರ್ಕಾರವೂ ತನಗಿಷ್ಟ ಬಂದಂತೆ ಒಪ್ಪಿಗೆ ನಿರಾಕರಿಸುವಂತಿರಲಿಲ್ಲ. ಈಗಾಗಲೇ ರೂಢಿಯಿಂದ ಬಂದಿರುವ ಮತ್ತು ವಾಸ್ತವವಾಗಿ ಅನುಭವದಲ್ಲಿರುವ ನೀರಿನ ಹಕ್ಕನ್ನು ರಕ್ಷಿಸುವ ಸಲುವಾಗಿ ಮಾತ್ರ ನಿರಾಕರಣೆಗೆ ಅವಕಾಶವಿತ್ತು. ಎರಡು ಸರ್ಕಾರಗಳಿಗೂ ಹೊಂದಾಣಿಕೆಯಾಗದಿದ್ದಲ್ಲಿ ವಿಷಯವನ್ನು ಮಧ್ಯಸ್ಥಿಕೆಗೆ ಒಪ್ಪಿಸುವ ನಿಯಮವನ್ನೂ ಸೇರಿಸಲಾಗಿತ್ತು. ಮುಂದಿನ ಎಲ್ಲ ವಿವಾದಗಳೂ ಈ ಕೆಲವೇ ನಿಯಮಗಳ ಅರ್ಥ ವಿವರಣೆಯನ್ನು ಅವಲಂಬಿಸಿದವು.

ಎರಡು ಸರ್ಕಾರಗಳ ಸ್ಥಾನಮಾನ ಒಂದೇ ಆಗಿರಲಿಲ್ಲವೆಂಬುದನ್ನೂ ಇಲ್ಲಿ ಗಮನಿಸಬೇಕು. ಮದ್ರಾಸ್ ಬ್ರಿಟಿಷರ ನೇರ ಆಡಳಿತದಲ್ಲಿದ್ದ ಪ್ರಾಂತ್ಯ. ಮೈಸೂರು ಬ್ರಿಟಿಷ್ ಚಕ್ರಾಧಿಪತ್ಯಕ್ಕೆ ಅಧೀನವಾದ ದೇಶೀಯ ಸಂಸ್ಥಾನ. ಇಬ್ಬರ ನಡುವೆ ತೀರ್ಮಾನ ಮಾಡಬೇಕಾಗಿದ್ದ ಭಾರತ ಸರ್ಕಾರವೂ ಬ್ರಿಟಿಷರದೇ ಆಗಿತ್ತು.

ಮುಂಬಯಿ ಪ್ರಾಂತ್ಯದ ಸೇವೆ

ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರಾಗಿ ನೇಮಕಗೊಂಡು ನಾಸಿಕ್‌ನಲ್ಲಿ ಸೇವೆ ಆರಂಭಿಸಿದರು. ಸಿಂಧ್ ಪ್ರದೇಶದ ಸುಕ್ಕೂರು ಪಟ್ಟಣಕ್ಕೆ ಸಿಂಧೂ ನದಿಯಿಂದ ಕುಡಿಯುವ ನೀರು ಒದಗಿಸುವ ಕೆಲಸವನ್ನು ಪೂರ್ಣಗೊಳಿಸಿದರು. 1899ರಲ್ಲಿ ದಖ್ಖನಿನ ನಾಲೆಗಳಿಗಾಗಿ ಬ್ಲಾಕ್ ಪದ್ಧತಿಯನ್ನು ರೂಪಿಸಿದರು. ಅಚ್ಚುಕಟ್ಟನ್ನು ವಿಭಾಗಗಳಾಗಿ ಮಾಡಿ, ಸರದಿಯಂತೆ ನೀರು ಮತ್ತು ಬೆಳೆಗಳನ್ನು ನಿಗದಿಪಡಿಸಿ, ಇರುವ ನೀರನ್ನು ಹೆಚ್ಚು ಹಳ್ಳಿಗಳಿಗೆ ಹಂಚುವುದು ಈ ಪದ್ಧತಿಯ ಉದ್ದೇಶವಾಗಿತ್ತು. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ 1903ರಲ್ಲಿ ಅಳವಡಿಸಲಾದ ಸ್ವಯಂಚಾಲಿತ ಬಾಗಿಲುಗಳು ಅವರ ವಿನ್ಯಾಸವೇ ಆಗಿದ್ದವು. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ಸಂಗ್ರಹಿಸಲು ಇವುಗಳಿಂದ ಸಾಧ್ಯವಾಯಿತು.

1908ರಲ್ಲಿ ಅವರು ಮುಂಬಯಿ ಸೇವೆಯಿಂದ ಸ್ವ ಇಚ್ಛೆಯಿಂದ ನಿವೃತ್ತಿ ಹೊಂದಿ ವಿದೇಶ ಪ್ರವಾಸ ಕೈಗೊಂಡರು. ಅದೇ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿ ಮೂಸಿ ನದಿಯ ಪ್ರವಾಹದಿಂದ ಹೈದರಾಬಾದ್ ನಗರವು ಧ್ವಂಸಗೊಂಡಾಗ ನಿಜಾಮರ ಸರ್ಕಾರವು ಅವರ ಸಲಹೆಯನ್ನು ಕೋರಿತು. ನಗರದ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಿ ಪ್ರವಾಹವನ್ನು ತಡೆಹಿಡಿಯಬೇಕೆಂದು ಅವರು ಶಿಫಾರಸು ಮಾಡಿದರು. ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳು ಈ ಶಿಫಾರಸಿನ ಫಲ.

ಮೈಸೂರಿನ ಮುಖ್ಯ ಇಂಜಿನಿಯರ್

ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರದ ಆಹ್ವಾನವನ್ನು ಸ್ವೀಕರಿಸಿ ವಿಶ್ವೇಶ್ವರಯ್ಯನವರು 1909ರ ನವೆಂಬರ್ ತಿಂಗಳಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಹುದ್ದೆಯನ್ನು ವಹಿಸಿಕೊಂಡರು. ಆಗ ದಿವಾನರಾಗಿದ್ದವರು ಟಿ. ಆನಂದರಾಯರು. ವಿಶ್ವೇಶ್ವರಯ್ಯನವರು ಅಧಿಕಾರ ವಹಿಸಿಕೊಂಡ ಮೇಲೆ ಅವರ ಗಮನ ಸೆಳೆದ ವಿಷಯಗಳು ಎರಡು. ಮೊದಲನೆಯದು, ಮಳೆಯನ್ನೇ ನಂಬಿದ್ದ ಇಂದಿನ ಮಂಡ್ಯ ಜಿಲ್ಲೆಯ ಭೂಮಿಗೆ ನೀರು ಒದಗಿಸುವುದು. ಎರಡನೆಯದು, ಶಿವನಸಮುದ್ರದ ವಿದ್ಯುತ್ ಕೇಂದ್ರ.

ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ ಉತ್ಪಾದಿಸಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳಿಗೆ ಸಾಗಿಸಲಾಗುತ್ತಿತ್ತು. ಗಣಿಗಳನ್ನು ನಡೆಸುತ್ತಿದ್ದ ಬ್ರಿಟಿಷ್ ಕಂಪನಿಗಳು ಈ ವಿದ್ಯುತ್ತಿಗೆ ಹಣ ಪಾವತಿಸುತ್ತಿದ್ದವು. ಆದರೆ ಬೇಸಿಗೆಯಲ್ಲಿ ಕಾವೇರಿಯ ಹರಿವು ಕುಗ್ಗಿ ವಿದ್ಯುತ್ ಉತ್ಪಾದನೆಗೆ ತೊಂದರೆಯಾಗುತ್ತಿತ್ತು. ಮಳೆಗಾಲದ ನೀರನ್ನು ಮೇಲ್ಭಾಗದಲ್ಲಿ ಸಂಗ್ರಹಿಸಿ ಬೇಸಿಗೆಯಲ್ಲಿ ಬಿಟ್ಟರೆ ವರ್ಷವಿಡೀ ಸಮನಾದ ಹರಿವು ದೊರೆಯುತ್ತಿತ್ತು. ಹಾಗೆ ಬಿಟ್ಟ ನೀರು ವಿದ್ಯುತ್ ಯಂತ್ರಗಳನ್ನು ತಿರುಗಿಸಿದ ನಂತರ ನದಿಗೇ ಸೇರಿ ಮದ್ರಾಸಿನ ಕಡೆಗೆ ಹರಿಯುವುದರಿಂದ ಅದು ಕೆಳಭಾಗದವರಿಗೆ ನಷ್ಟವಾಗುವ ನೀರಲ್ಲ. ನಾಲೆಗೆ ತಿರುಗಿಸುವ ನೀರು ಮಾತ್ರ ಬಳಕೆಯಾಗಿ ಹೋಗುವ ನೀರು. ಈ ವ್ಯತ್ಯಾಸವು ಮೈಸೂರಿನ ವಾದಕ್ಕೆ ಬಲ ನೀಡಿತು.

ಯೋಜನೆಯ ಆಯವ್ಯಯ

ಮೈಸೂರು ನಗರದಿಂದ ಸುಮಾರು 19 ಕಿಲೋಮೀಟರ್ ದೂರದ ಕನ್ನಂಬಾಡಿ ಗ್ರಾಮದ ಬಳಿ 41.5 ಟಿ.ಎಂ.ಸಿ. ಸಾಮರ್ಥ್ಯದ ಜಲಾಶಯವನ್ನು ಎರಡು ಹಂತಗಳಲ್ಲಿ ಕಟ್ಟುವ ಯೋಜನೆಯನ್ನು ವಿಶ್ವೇಶ್ವರಯ್ಯನವರು ಸಿದ್ಧಪಡಿಸಿದರು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ ನೀರು. ಮೊದಲ ಹಂತದಲ್ಲಿ 11 ಟಿ.ಎಂ.ಸಿ. ಸಂಗ್ರಹಿಸಿ ವಿದ್ಯುತ್ತಿನ ಅಗತ್ಯವನ್ನು ಪೂರೈಸುವುದು, ಎರಡನೆಯ ಹಂತದಲ್ಲಿ ಪೂರ್ಣ ಸಾಮರ್ಥ್ಯಕ್ಕೆ ಏರಿಸಿ ನೀರಾವರಿ ಒದಗಿಸುವುದು ಉದ್ದೇಶವಾಗಿತ್ತು.

ಯೋಜನೆಗೆ ಮೊದಲ ಆಕ್ಷೇಪಣೆ ಬಂದದ್ದು ಮೈಸೂರು ಸರ್ಕಾರದ ಹಣಕಾಸು ಶಾಖೆಯಿಂದಲೇ. ಇಷ್ಟು ದೊಡ್ಡ ಮೊತ್ತವನ್ನು ಒಂದೇ ಕಾಮಗಾರಿಗೆ ತೊಡಗಿಸುವುದು ಸೂಕ್ತವಲ್ಲವೆಂದೂ, ಉತ್ಪಾದನೆಯಾಗುವ ವಿದ್ಯುತ್ತಿಗೆ ಸಾಕಷ್ಟು ಬೇಡಿಕೆ ಇರಲಾರದೆಂದೂ ಶಂಕೆ ವ್ಯಕ್ತಪಡಿಸಲಾಯಿತು. ಸಾರ್ವಜನಿಕ ಹಣಕ್ಕೆ ಹೊಣೆಗಾರರಾದವರು ಕೇಳಲೇಬೇಕಾದ ಪ್ರಶ್ನೆ ಇದಾಗಿತ್ತು. ವಿಶ್ವೇಶ್ವರಯ್ಯನವರು ಯೋಜನೆಯನ್ನು ಎರಡು ಭಾಗಗಳಾಗಿ ನೋಡಿದ್ದರು. ಗಣಿಗಳು ಪಾವತಿಸುವ ವಿದ್ಯುತ್ ಶುಲ್ಕದಿಂದ ಮೊದಲ ಹಂತದ ಬಂಡವಾಳಕ್ಕೆ ಪ್ರತಿಫಲ ಬರತೊಡಗುವುದರಿಂದ, ನೀರಾವರಿಯ ಆದಾಯ ಬರುವವರೆಗೆ ಖಜಾನೆ ಕಾಯಬೇಕಾಗಿರಲಿಲ್ಲ. ಅವರು ದಿವಾನರಿಗೂ ಮಹಾರಾಜರಿಗೂ ವಿಷಯವನ್ನು ಮನವರಿಕೆ ಮಾಡಿಕೊಟ್ಟ ಮೇಲೆ, 1911ರ ಅಕ್ಟೋಬರ್ ತಿಂಗಳಲ್ಲಿ 81 ಲಕ್ಷ ರೂಪಾಯಿಗಳನ್ನು ಯೋಜನೆಗೆ ಮೀಸಲಿಟ್ಟು ಆದೇಶ ಹೊರಡಿಸಲಾಯಿತು. ಮುಂದಿನ ತಿಂಗಳಲ್ಲಿಯೇ ಕೆಲಸ ಆರಂಭವಾಯಿತು.

ಮದ್ರಾಸ್ ಸರ್ಕಾರದ ಆಕ್ಷೇಪಣೆ

ಇದೇ ಕಾಲದಲ್ಲಿ ಮದ್ರಾಸ್ ಸರ್ಕಾರವು ಮೆಟ್ಟೂರಿನಲ್ಲಿ 80 ಟಿ.ಎಂ.ಸಿ. ಸಾಮರ್ಥ್ಯದ ತನ್ನದೇ ಆದ ಜಲಾಶಯವನ್ನು ಯೋಜಿಸುತ್ತಿತ್ತು. ಒಂದೇ ನದಿಯ ಮಳೆಗಾಲದ ನೀರನ್ನು ನಂಬಿ ಎರಡು ಸರ್ಕಾರಗಳು ದೊಡ್ಡ ಮೊತ್ತದ ಬಂಡವಾಳ ತೊಡಗಿಸಲು ಸಿದ್ಧವಾಗಿದ್ದವು. ಮೇಲಿನ ಜಲಾಶಯ ಮೊದಲು ತುಂಬಿದರೆ ಕೆಳಗಿನ ಜಲಾಶಯದ ಲೆಕ್ಕಾಚಾರ ತಪ್ಪುವ ಸಂಭವವಿತ್ತು. ಆದ್ದರಿಂದ ಮದ್ರಾಸ್ ಸರ್ಕಾರವು ಕನ್ನಂಬಾಡಿ ಯೋಜನೆಗೆ ಒಪ್ಪಿಗೆ ನೀಡಲಿಲ್ಲ.

ಮದ್ರಾಸಿನ ಆತಂಕವು ಕೇವಲ ಹಠವಾಗಿರಲಿಲ್ಲ. ತಂಜಾವೂರಿನ ರೈತನು ಜೂನ್ ತಿಂಗಳಿನಲ್ಲಿ ನಾಲೆಗೆ ಬರುವ ನೀರನ್ನು ನೋಡಿ ಸಸಿಮಡಿ ಮಾಡುತ್ತಿದ್ದನು. ಆ ನೀರು ಕೆಲವು ವಾರ ತಡವಾದರೂ ಬೆಳೆ ಕೈತಪ್ಪುತ್ತಿತ್ತು. ಮೈಸೂರಿನ ವಾದವೂ ನ್ಯಾಯವಾದುದೇ ಆಗಿತ್ತು. ನದಿಯು ತನ್ನ ನೆಲದ ಮೂಲಕ ಹರಿದರೂ ಬರಗಾಲದಲ್ಲಿ ತನ್ನ ಪ್ರಜೆಗಳಿಗೆ ಅದರ ನೀರು ದೊರೆಯದೆಂಬುದು ಮೈಸೂರಿನ ಅಳಲಾಗಿತ್ತು. ಮೊದಲು ಬಳಸಲು ಆರಂಭಿಸಿದವರಿಗೆ ಎಷ್ಟು ಹಕ್ಕು, ಇನ್ನೂ ಬಳಸಲು ಆರಂಭಿಸದವರಿಗೆ ಎಷ್ಟು ಹಕ್ಕು ಎಂಬುದೇ ವಿವಾದದ ತಿರುಳಾಗಿತ್ತು.

ವಿಷಯವು ಭಾರತ ಸರ್ಕಾರದ ಮುಂದೆ ಹೋಗಿ, 11 ಟಿ.ಎಂ.ಸಿ.ಯ ಮೊದಲ ಹಂತಕ್ಕೆ ಮಾತ್ರ ಮೈಸೂರಿಗೆ ಅನುಮತಿ ದೊರೆಯಿತು.

ಅಡಿಪಾಯದ ಪ್ರಶ್ನೆ

ಈ ಸಂದರ್ಭದಲ್ಲಿ ಮೈಸೂರು ಸರ್ಕಾರವು ಕಠಿಣವಾದ ನಿರ್ಧಾರವೊಂದನ್ನು ಕೈಗೊಳ್ಳಬೇಕಾಯಿತು. ಕಲ್ಲುಕಟ್ಟಡದ ಅಣೆಕಟ್ಟಿನ ತಳದ ಅಗಲವು ಅದರ ಎತ್ತರಕ್ಕೆ ತಕ್ಕಂತೆ ಇರಬೇಕು. 11 ಟಿ.ಎಂ.ಸಿ.ಗೆ ತಕ್ಕ ಅಡಿಪಾಯ ಹಾಕಿದರೆ ಖರ್ಚು ಕಡಿಮೆ, ಆದರೆ ಮುಂದೆ ಕಟ್ಟೆಯನ್ನು ಎತ್ತರಿಸುವುದು ಬಹು ಕಷ್ಟ. ಪೂರ್ಣ ಎತ್ತರಕ್ಕೆ ತಕ್ಕ ಅಡಿಪಾಯ ಹಾಕಿದರೆ ಖರ್ಚು ಹೆಚ್ಚು. ಎರಡನೆಯ ಹಂತಕ್ಕೆ ಅನುಮತಿ ದೊರೆಯದೇ ಹೋದಲ್ಲಿ ಆ ಹೆಚ್ಚುವರಿ ಖರ್ಚು ನದಿಯ ತಳದಲ್ಲಿ ಹೂತುಹೋದ ಹಣವಾಗುತ್ತಿತ್ತು.

ಅಡಿಪಾಯವನ್ನು ಪೂರ್ಣ ಜಲಾಶಯಕ್ಕೆ ತಕ್ಕಂತೆಯೇ ಹಾಕಲಾಯಿತು. ಅನುಮತಿ ಇರುವುದು ಸಣ್ಣ ಕಟ್ಟೆಗೆ, ಕೆಲಸ ನಡೆಯುತ್ತಿರುವುದು ದೊಡ್ಡ ಕಟ್ಟೆಗೆ ಎಂದು ಮದ್ರಾಸ್ ಸರ್ಕಾರವು ಬಲವಾಗಿ ಪ್ರತಿಭಟಿಸಿತು. ಎರಡು ಸರ್ಕಾರಗಳ ನಡುವಿನ ವಿಶ್ವಾಸಕ್ಕೆ ಇದರಿಂದ ಧಕ್ಕೆಯುಂಟಾಯಿತು ಎಂಬುದನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಅದೇ ವೇಳೆಗೆ, ಈ ನಿರ್ಧಾರ ಕೈಗೊಳ್ಳದೇ ಇದ್ದಿದ್ದರೆ ಇಂದಿನ ಕೃಷ್ಣರಾಜಸಾಗರವು ಈಗಿರುವ ರೂಪದಲ್ಲಿ ನಿಲ್ಲುತ್ತಿರಲಿಲ್ಲ ಎಂಬುದೂ ಸತ್ಯ.

ಮಧ್ಯಸ್ಥಿಕೆ

1912ರ ನವೆಂಬರ್ ತಿಂಗಳಲ್ಲಿ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿ ನೇಮಕಗೊಂಡರು. ಯೋಜನೆಯನ್ನು ರೂಪಿಸಿದ ಇಂಜಿನಿಯರೇ ಈಗ ಆಡಳಿತದ ಮುಖ್ಯಸ್ಥರಾಗಿ ಅದನ್ನು ನೆರೆಯ ಸರ್ಕಾರದ ಎದುರು ಸಮರ್ಥಿಸಬೇಕಾಗಿ ಬಂದಿತು. 1892ರ ಒಪ್ಪಂದದ ನಾಲ್ಕನೆಯ ನಿಯಮದಂತೆ ಭಾರತ ಸರ್ಕಾರವು ವಿವಾದವನ್ನು ಮಧ್ಯಸ್ಥಿಕೆಗೆ ಒಪ್ಪಿಸಿತು. ಅಲಹಾಬಾದ್ ಹೈಕೋರ್ಟಿನ ನ್ಯಾಯಾಧೀಶರಾದ ಸರ್ ಎಚ್.ಡಿ. ಗ್ರಿಫಿನ್ ಅವರನ್ನು ಮಧ್ಯಸ್ಥಗಾರರನ್ನಾಗಿಯೂ, ಭಾರತದ ನೀರಾವರಿ ಮಹಾನಿರೀಕ್ಷಕರಾದ ಎಂ. ನೆದರ್‌ಸೋಲ್ ಅವರನ್ನು ತಾಂತ್ರಿಕ ಸಲಹೆಗಾರರನ್ನಾಗಿಯೂ ನೇಮಿಸಲಾಯಿತು. ಕಾವೇರಿ ವಿವಾದವು ಮಧ್ಯಸ್ಥಗಾರರ ಮುಂದೆ ಬಂದದ್ದು ಇದೇ ಮೊದಲು.

1913ರ ಜುಲೈ 16ರಂದು ವಿಚಾರಣೆ ಆರಂಭವಾಯಿತು. ನದಿಯಲ್ಲಿ ಯಾವ ತಿಂಗಳು ಎಷ್ಟು ನೀರು ಹರಿಯುತ್ತದೆ, ಮದ್ರಾಸಿನ ಮೇಲಣೆಯ ಅಳತೆಗೋಲಿನಲ್ಲಿ ನೀರು ಎಷ್ಟು ಅಡಿ ಇದ್ದರೆ ತಂಜಾವೂರಿನ ಅಗತ್ಯ ಪೂರೈಸುತ್ತದೆ, ಅದಕ್ಕಿಂತ ಹೆಚ್ಚಿನ ನೀರು ಎಷ್ಟು ಸಮುದ್ರ ಸೇರುತ್ತದೆ ಎಂಬ ಅಂಕಿಅಂಶಗಳೇ ಪ್ರಮುಖ ಸಾಕ್ಷ್ಯಗಳಾದವು. ಅಳತೆಯ ದಾಖಲೆಗಳು ಯಾರ ಬಳಿ ಸರಿಯಾಗಿವೆಯೋ ಅವರ ವಾದಕ್ಕೆ ಬೆಲೆ ಇದ್ದಿತು. 1914ರ ಮೇ 12ರಂದು ತೀರ್ಪು ಹೊರಬಿದ್ದಿತು. ಮದ್ರಾಸಿನ ಹಳೆಯ ಹಕ್ಕುಗಳಿಗೆ ರಕ್ಷಣೆ ನೀಡಿ, ಮೈಸೂರಿನ ನೀರಾವರಿ ವಿಸ್ತರಣೆಗೆ ಮಿತಿಯನ್ನು ನಿಗದಿಪಡಿಸಿ, ಒಟ್ಟಿನಲ್ಲಿ ಕನ್ನಂಬಾಡಿ ಯೋಜನೆಗೆ ದಾರಿ ಮಾಡಿಕೊಡಲಾಗಿತ್ತು.

ತೀರ್ಪಿನಿಂದ ಮದ್ರಾಸ್ ಸರ್ಕಾರಕ್ಕೆ ಸಮಾಧಾನವಾಗಲಿಲ್ಲ. 1916ರಲ್ಲಿ ಭಾರತ ಸರ್ಕಾರವು ತೀರ್ಪನ್ನು ಅನುಮೋದಿಸಿದ ಮೇಲೂ ಅದು ಲಂಡನ್ನಿನಲ್ಲಿದ್ದ ಭಾರತ ಮಂತ್ರಿಗಳಿಗೆ ಮೇಲ್ಮನವಿ ಸಲ್ಲಿಸಿತು. 1919ರಲ್ಲಿ ಅಲ್ಲಿಂದ ಬಂದ ನಿರ್ಧಾರವು ಮೈಸೂರಿಗೆ ಅನುಕೂಲಕರವಾಗಿರಲಿಲ್ಲ. ವಿವಾದವನ್ನು ಮತ್ತೆ ಮೊದಲಿನಿಂದ ಪರಿಶೀಲಿಸಬೇಕಾಯಿತು.

ಕಟ್ಟಡ ಕಾರ್ಯ

ಈ ಪತ್ರವ್ಯವಹಾರ ನಡೆದಿರುವಂತೆಯೇ ಕಟ್ಟೆಯ ಕೆಲಸವೂ ಮುಂದುವರಿದಿತ್ತು. ಸುಮಾರು ಹತ್ತು ಸಾವಿರ ಕಾರ್ಮಿಕರು ಇಲ್ಲಿ ದುಡಿದರು. ಸಿಮೆಂಟನ್ನು ವಿದೇಶದಿಂದ ತರಿಸಬೇಕಾಗಿದ್ದು ಬಹಳ ದುಬಾರಿಯಾಗಿದ್ದುದರಿಂದ, ಸುಟ್ಟ ಇಟ್ಟಿಗೆಯ ಪುಡಿ ಮತ್ತು ಸುಣ್ಣವನ್ನು ಬೆರೆಸಿದ ಸುರ್ಕಿ ಗಾರೆಯನ್ನು ಬಳಸಲಾಯಿತು. ನದಿಯ ಪ್ರವಾಹ ಮತ್ತು ಮಲೇರಿಯಾ ಜ್ವರ ಕೆಲಸಕ್ಕೆ ಅಡ್ಡಿಯಾಗಿದ್ದವು. 1914ರಲ್ಲಿ ಆರಂಭವಾದ ಮೊದಲ ಮಹಾಯುದ್ಧದಿಂದ ಸಾಮಗ್ರಿಗಳ ಪೂರೈಕೆಗೂ ತೊಂದರೆಯಾಯಿತು.

ಕಟ್ಟೆಯ ಹಿನ್ನೀರಿನಲ್ಲಿ ಕನ್ನಂಬಾಡಿ ಸೇರಿದಂತೆ ಹಲವು ಗ್ರಾಮಗಳು ಮುಳುಗಿ ಸಾವಿರಾರು ಜನರು ಮನೆಮಠ ಕಳೆದುಕೊಂಡರು. ಅವರಿಗೆ ಬೇರೆಡೆ ಭೂಮಿ ನೀಡಿ ನೆಲೆಗೊಳಿಸಲಾಯಿತು. ಹಳೆಯ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವೂ ಮುಳುಗಡೆಯಾಗಿ, ನೀರು ಇಳಿದ ವರ್ಷಗಳಲ್ಲಿ ಮಾತ್ರ ಕಾಣಸಿಗುತ್ತಿತ್ತು. ಈಚಿನ ದಶಕಗಳಲ್ಲಿ ಅದನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಲಾಗಿದೆ. ಎರಡು ಸರ್ಕಾರಗಳ ನಡುವಿನ ಒಪ್ಪಿಗೆಯ ಕಡತಗಳಲ್ಲಿ ಈ ಜನರ ಒಪ್ಪಿಗೆಯ ಪ್ರಶ್ನೆ ಎದ್ದಿರಲಿಲ್ಲ. ಕಟ್ಟೆಯ ಪ್ರಯೋಜನ ಪಡೆದವರು ಇವರ ತ್ಯಾಗವನ್ನು ನೆನೆಯುವುದು ಉಚಿತ.

ದಿವಾನ್ ಪದವಿ

ವಿಶ್ವೇಶ್ವರಯ್ಯನವರು ಆರು ವರ್ಷಗಳ ಕಾಲ ದಿವಾನರಾಗಿದ್ದರು. 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಇವೇ ಮೊದಲಾದ ಸಂಸ್ಥೆಗಳು ಅವರ ಅವಧಿಯಲ್ಲಿ ಸ್ಥಾಪನೆಯಾದವು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೂ ಆಗಲೇ ಬುನಾದಿ ಬಿದ್ದಿತು. 1915ರಲ್ಲಿ ಬ್ರಿಟಿಷ್ ಸರ್ಕಾರವು ಅವರಿಗೆ ಸರ್ ಪದವಿಯನ್ನು ನೀಡಿತು. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪ್ರಾತಿನಿಧ್ಯ ನೀಡುವ ವಿಷಯದಲ್ಲಿ ಮಹಾರಾಜರ ನಿಲುವಿಗೂ ತಮ್ಮ ನಿಲುವಿಗೂ ಹೊಂದಾಣಿಕೆಯಾಗದೆ 1918ರ ಕೊನೆಯಲ್ಲಿ ಅವರು ಪದವಿಯನ್ನು ತೊರೆದರು. ಆ ವೇಳೆಗೆ ಕಟ್ಟೆಯು ಪೂರ್ಣವಾಗಿರಲಿಲ್ಲ. ಮದ್ರಾಸಿನೊಡನೆ ಅಂತಿಮ ಒಪ್ಪಂದವೂ ಆಗಿರಲಿಲ್ಲ.

1924ರ ಒಪ್ಪಂದ

ಎರಡು ಸರ್ಕಾರಗಳ ಇಂಜಿನಿಯರುಗಳು ಮತ್ತೆ ಸಭೆ ಸೇರಿ, ಜಲಾಶಯದಿಂದ ನೀರು ಬಿಡುವ ನಿಯಮಾವಳಿಯನ್ನು 1921ರ ಜುಲೈ ತಿಂಗಳಲ್ಲಿ ಸಿದ್ಧಪಡಿಸಿದರು. ಇದನ್ನು ಆಧರಿಸಿ 1924ರ ಫೆಬ್ರವರಿ 18ರಂದು ಅಂತಿಮ ಒಪ್ಪಂದವಾಯಿತು. ಮೊದಲ ಒಪ್ಪಂದವಾಗಿ ಅಂದಿಗೆ ಸರಿಯಾಗಿ ಮೂವತ್ತೆರಡು ವರ್ಷಗಳು ತುಂಬಿದ್ದವು. ಮೈಸೂರಿನ ಪರವಾಗಿ ಆಗಿನ ದಿವಾನರಾದ ಎ.ಆರ್. ಬ್ಯಾನರ್ಜಿಯವರು ಸಹಿ ಮಾಡಿದರು.

ಒಪ್ಪಂದದ ಮುಖ್ಯಾಂಶಗಳು ಹೀಗಿದ್ದವು. ಮೈಸೂರು ಸರ್ಕಾರವು 44.827 ಟಿ.ಎಂ.ಸಿ. ಉಪಯುಕ್ತ ಸಾಮರ್ಥ್ಯದ ಕೃಷ್ಣರಾಜಸಾಗರವನ್ನು ಕಟ್ಟಿ, ಅದರ ಕೆಳಗೆ 1,25,000 ಎಕರೆಗಳಿಗೆ ಹೊಸದಾಗಿ ನೀರಾವರಿ ಒದಗಿಸಬಹುದು. ಕಾವೇರಿ ಮತ್ತು ಉಪನದಿಗಳ ಮೇಲಿನ ಇತರ ಜಲಾಶಯಗಳಿಂದ ಮತ್ತೆ 1,10,000 ಎಕರೆಗಳಿಗೆ ನೀರು ಕೊಡಬಹುದು. ಮದ್ರಾಸ್ ಸರ್ಕಾರವು ಮೆಟ್ಟೂರಿನಲ್ಲಿ 93.5 ಟಿ.ಎಂ.ಸಿ. ಸಾಮರ್ಥ್ಯದ ಜಲಾಶಯವನ್ನು ಕಟ್ಟಿ 3,01,000 ಎಕರೆಗಳಷ್ಟು ಹೊಸ ನೀರಾವರಿ ಮಾಡಬಹುದು. ನೀರಾವರಿ ವಿಸ್ತರಣೆಯ ಮಿತಿಗಳನ್ನು ಐವತ್ತು ವರ್ಷಗಳ ನಂತರ ಪುನಃ ಪರಿಶೀಲಿಸತಕ್ಕದ್ದು.

ಎರಡು ಸರ್ಕಾರಗಳಿಗೂ ತಾವು ಬಯಸಿದ ಜಲಾಶಯ ದೊರೆಯಿತು. ಒಬ್ಬರ ಯೋಜನೆಯಿಂದ ಇನ್ನೊಬ್ಬರ ಯೋಜನೆ ನಿಲ್ಲಬೇಕೆಂಬಲ್ಲಿಂದ ಆರಂಭವಾದ ವಿವಾದವು, ಎರಡೂ ಯೋಜನೆಗಳು ಯಾವ ನಿಯಮದಂತೆ ನಡೆಯಬೇಕೆಂಬ ತೀರ್ಮಾನದಲ್ಲಿ ಕೊನೆಗೊಂಡಿತು. 1911ರಲ್ಲಿ ಹಾಕಿದ್ದ ಅಡಿಪಾಯದ ಹೆಚ್ಚುವರಿ ಖರ್ಚು ವ್ಯರ್ಥವಾಗಲಿಲ್ಲ.

ಮೆಟ್ಟೂರು ಜಲಾಶಯದ ಕೆಲಸ 1925ರಲ್ಲಿ ಆರಂಭವಾಗಿ 1934ರಲ್ಲಿ ಮುಗಿಯಿತು. ಕೃಷ್ಣರಾಜಸಾಗರವು 1930ರ ದಶಕದ ಆರಂಭದಲ್ಲಿ ಪೂರ್ಣಗೊಂಡಿತು. 8,600 ಅಡಿ ಉದ್ದ ಹಾಗೂ 130 ಅಡಿ ಎತ್ತರವಿರುವ ಕಟ್ಟೆಯ ಗರಿಷ್ಠ ನೀರಿನ ಮಟ್ಟ 124.80 ಅಡಿ. ಒಟ್ಟು ಸಾಮರ್ಥ್ಯ 49.452 ಟಿ.ಎಂ.ಸಿ. ಆಗ ಇರ್ವಿನ್ ನಾಲೆ ಎಂದು ಕರೆಯಲಾಗಿದ್ದ ಮುಖ್ಯ ನಾಲೆಯು ಇಂದು ವಿಶ್ವೇಶ್ವರಯ್ಯ ನಾಲೆ ಎಂದು ಹೆಸರಾಗಿದೆ. ನಾಲೆಯ ನೀರಿನಿಂದ ಕಬ್ಬು ಮತ್ತು ಭತ್ತದ ಬೇಸಾಯ ಹರಡಿ, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು.

ಕೊನೆಯ ವರ್ಷಗಳು

ದಿವಾನ್ ಪದವಿಯಿಂದ ನಿವೃತ್ತರಾದ ಮೇಲೂ ವಿಶ್ವೇಶ್ವರಯ್ಯನವರು ಸುಮ್ಮನೆ ಕುಳಿತವರಲ್ಲ. 1923ರಿಂದ 1929ರವರೆಗೆ ಭದ್ರಾವತಿ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಅದನ್ನು ಕಷ್ಟದ ದಿನಗಳಿಂದ ಪಾರುಮಾಡಲು ಶ್ರಮಿಸಿದರು. ಒರಿಸ್ಸಾದ ಪ್ರವಾಹಗಳ ಬಗ್ಗೆ ವರದಿ ನೀಡಿದರು. ತೊಂಬತ್ತರ ವಯಸ್ಸಿನಲ್ಲಿ ಬಿಹಾರದ ಮೊಕಾಮಾ ಬಳಿ ಗಂಗಾ ನದಿಗೆ ಸೇತುವೆ ಕಟ್ಟುವ ಸ್ಥಳದ ಬಗ್ಗೆ ಸಲಹೆ ನೀಡಿದರು. 1951ರಲ್ಲಿ ತಮ್ಮ ಸೇವಾವಧಿಯ ನೆನಪುಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. 1955ರಲ್ಲಿ ಭಾರತ ಸರ್ಕಾರವು ಅವರಿಗೆ ಭಾರತರತ್ನ ಪ್ರಶಸ್ತಿಯನ್ನು ನೀಡಿ ಗೌರವಿಸಿತು. 1962ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಅವರು ನಿಧನರಾದರು. ಅವರ ಸಮಾಧಿಯು ಮುದ್ದೇನಹಳ್ಳಿಯಲ್ಲಿದೆ. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ಇಂಜಿನಿಯರುಗಳ ದಿನವನ್ನಾಗಿ ಆಚರಿಸಲಾಗುತ್ತಿದೆ.

ಒಪ್ಪಂದದ ನಂತರದ ಬೆಳವಣಿಗೆಗಳು

1924ರ ಒಪ್ಪಂದದ ಐವತ್ತು ವರ್ಷಗಳ ಅವಧಿಯು 1974ರಲ್ಲಿ ಮುಗಿಯಿತು. ಆ ವೇಳೆಗೆ ಸಂಸ್ಥಾನವೂ ಇರಲಿಲ್ಲ, ಪ್ರಾಂತ್ಯವೂ ಇರಲಿಲ್ಲ. ಅವುಗಳ ಸ್ಥಾನದಲ್ಲಿ ಕರ್ನಾಟಕ ಮತ್ತು ತಮಿಳುನಾಡು ರಾಜ್ಯಗಳಿದ್ದವು. ಅವಧಿ ಮುಗಿದ ಮೇಲೆ ಒಪ್ಪಂದ ಊರ್ಜಿತದಲ್ಲಿದೆಯೇ ಇಲ್ಲವೇ ಎಂಬ ಬಗ್ಗೆ ಭಿನ್ನಾಭಿಪ್ರಾಯ ಮೂಡಿ, 1990ರಲ್ಲಿ ಕಾವೇರಿ ಜಲವಿವಾದ ನ್ಯಾಯಾಧಿಕರಣದ ರಚನೆಯಾಯಿತು. 2007ರಲ್ಲಿ ನ್ಯಾಯಾಧಿಕರಣವು ಅಂತಿಮ ತೀರ್ಪು ನೀಡಿತು. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ಮಾರ್ಪಡಿಸಿ, ಕರ್ನಾಟಕದ ಪಾಲನ್ನು 270ರಿಂದ 284.75 ಟಿ.ಎಂ.ಸಿ.ಗೆ ಹೆಚ್ಚಿಸಿತು. ತಮಿಳುನಾಡಿಗೆ 404.25, ಕೇರಳಕ್ಕೆ 30 ಮತ್ತು ಪುದುಚೇರಿಗೆ 7 ಟಿ.ಎಂ.ಸಿ. ನಿಗದಿಯಾಯಿತು. 1924ರ ಒಪ್ಪಂದವು 1974ರಲ್ಲಿ ಅಂತ್ಯಗೊಂಡಿತೆಂದು ನ್ಯಾಯಾಲಯವು ಅಭಿಪ್ರಾಯಪಟ್ಟಿತು. ಇಷ್ಟಾದರೂ ವಿಚಾರಣೆಯಲ್ಲಿ 1892 ಮತ್ತು 1924ರ ದಾಖಲೆಗಳನ್ನು ಸಾಲುಸಾಲಾಗಿ ಪರಿಶೀಲಿಸಬೇಕಾಯಿತು.

ಮಳೆ ಚೆನ್ನಾಗಿ ಬಂದ ವರ್ಷಗಳಲ್ಲಿ ಎಲ್ಲರ ಪಾಲಿಗೂ ನೀರು ದೊರೆಯುತ್ತದೆ. ಮಳೆ ಕೈಕೊಟ್ಟ ವರ್ಷದಲ್ಲಿ ಕೊರತೆಯನ್ನು ಹೇಗೆ ಹಂಚಿಕೊಳ್ಳಬೇಕೆಂಬುದೇ ಕಷ್ಟದ ಪ್ರಶ್ನೆಯಾಗಿ ಇಂದಿಗೂ ಉಳಿದಿದೆ.

ಉಪಸಂಹಾರ

ವಿಶ್ವೇಶ್ವರಯ್ಯನವರನ್ನು ಸಾಮಾನ್ಯವಾಗಿ ಕಟ್ಟೆ ಕಟ್ಟಿದ ಇಂಜಿನಿಯರೆಂದು ಸ್ಮರಿಸಲಾಗುತ್ತದೆ. ಅವರು ಅಂದಾಜು ಪಟ್ಟಿಗಳನ್ನು, ಹರಿವಿನ ಅಳತೆಗಳನ್ನು ಮತ್ತು ಪತ್ರವ್ಯವಹಾರವನ್ನು ಕಟ್ಟೆಯಷ್ಟೇ ಶ್ರದ್ಧೆಯಿಂದ ನಿರ್ವಹಿಸಿದ ಆಡಳಿತಗಾರರೂ ಆಗಿದ್ದರು. ನೆರೆಯವರ ಆಕ್ಷೇಪಣೆಗೆ ಅಂಕಿಅಂಶಗಳಿಂದಲೇ ಉತ್ತರ ನೀಡಬೇಕಾಗಿದ್ದ ವಿವಾದದಲ್ಲಿ ಈ ಶ್ರದ್ಧೆಯೇ ಮೈಸೂರಿನ ಆಸ್ತಿಯಾಯಿತು. ಅಂತಿಮ ಒಪ್ಪಂದಕ್ಕೆ ಸಹಿ ಮಾಡುವ ಅವಕಾಶ ಅವರಿಗೆ ದೊರೆಯಲಿಲ್ಲ. ಆದರೆ ಸಹಿಯಾದ ಜಲಾಶಯವು ಅವರು ಹಾಕಿಸಿದ ಅಡಿಪಾಯದ ಮೇಲೆಯೇ ನಿಂತಿತು. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ತಮ್ಮ ಜಮೀನಿಗೆ ನೀರು ಪಡೆಯುತ್ತಿರುವ ರೈತರು ಮತ್ತು ನೀರಿಗಾಗಿ ಕಚೇರಿಗೆ ಅರ್ಜಿ ಸಲ್ಲಿಸುವ ನಾಗರಿಕರು, ಆ ನೀರಿನ ಹಿಂದೆ ಎರಡು ಸರ್ಕಾರಗಳ ಹದಿಮೂರು ವರ್ಷಗಳ ಮಾತುಕತೆಯೂ, ಊರು ಬಿಟ್ಟುಕೊಟ್ಟ ಸಾವಿರಾರು ಜನರ ಪಾಲೂ ಇದೆಯೆಂಬುದನ್ನು ಅರಿತು ಮಿತವಾಗಿ ಬಳಸಿದಲ್ಲಿ, ಅದು ಈ ಮಹನೀಯರಿಗೆ ಸಲ್ಲಿಸುವ ಗೌರವವಾಗುತ್ತದೆ.